ದೊಡ್ಡಮ್ಮನ ಬೀಜದವರೆ

ನಾನು ಕೆ.ಆರ್. ನಗರದ ಸೊಸೆ. ನಾಲೆ ನೀರಿನ ಸೀಮೆ, ಕಣ್ಣು ಹಾಯಿಸಿದಷ್ಟೂ ಭತ್ತ. ಮದುವೆಯಾಗಿ ಹೋದ ಹೊಸದರಲ್ಲಿ ನನ್ನ ನಾದಿನಿಯರು, ಪಿರಿಯಾಪಟ್ಟಣದ ಕಡೆಯವರು ಹೊಗೆಸೊಪ್ಪು ಬಿಟ್ಟರೆ ಇನ್ನೇನು ಬೆಳೆಯುತ್ತಾರೆ ಎಂದು ನನ್ನನ್ನು ಛೇಡಿಸುತ್ತಿದ್ದರು. ನಾನು ಮಾತಿಗೆ ಮಾತು ಕೊಡುವವಳೇ. ಆದರೆ ಆ ಸಲ ಸುಮ್ಮನಿದ್ದೆ. ಧನುರ್ಮಾಸದಲ್ಲಿ ತವರಿಗೆ ಹೋಗಿ, ದೊಡ್ಡಮ್ಮನ ಹೊಲದ ಅವರೆಕಾಯಿ ಒಂದು ಚೀಲ ತುಂಬಿಸಿಕೊಂಡು ಬಂದು ಅವರ ಮುಂದೆ ಸುರಿದೆ. ಸುಲಿಯುತ್ತಾ ಕೂತವರ ಕೈಗೆಲ್ಲ ಸೊಗಡು ಹತ್ತಿತು. ಸೋಪು ಹಾಕಿ ಉಜ್ಜಿದರೂ ಮಾರನೆಯ ದಿನದವರೆಗೆ ಬಿಡಲಿಲ್ಲ. ಮುದ್ದೆ ಕಂಡರೆ ಮೂಗು ಮುರಿಯುವ ಆ ಮನೆಯಲ್ಲಿ ಅಂದು ಸಾರಿನ ಪಾತ್ರೆಯನ್ನು ಬಳಿದು ಇಟ್ಟರು. ಹೊಗೆಸೊಪ್ಪಿನ ಮಾತು ಆಮೇಲೆ ಬರಲಿಲ್ಲ.

ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಕಂಪಲಾಪುರದಲ್ಲಿ ಬಸ್ಸಿಳಿದು ಒಳಗೆ ನಡೆದರೆ ನಮ್ಮೂರು. ಊರಿಗೆ ಊರೇ ಹೊಗೆಸೊಪ್ಪಿಗೆ ಬಿದ್ದು, ಮನೆಗೊಂದು ಸೊಪ್ಪು ಬೇಯಿಸುವ ಬ್ಯಾರನ್ ಎದ್ದು, ಅದಕ್ಕೆ ಸೌದೆ ಒಟ್ಟುವುದೇ ಬದುಕಾದಾಗಲೂ ಈಕೆ ಕೆರೆ ಹಿಂದಿನ ತನ್ನ ತುಂಡು ಹೊಲದಲ್ಲಿ ರಾಗಿಯನ್ನೇ ಬಿತ್ತಿದವಳು. ಅದೂ ಬರೀ ರಾಗಿಯಲ್ಲ. ನಡುನಡುವೆ ಅವರೆ, ಹುಚ್ಚೆಳ್ಳು, ಜೋಳದ ಸಾಲು ಬಿಡುವುದಕ್ಕೆ ನಮ್ಮ ಕಡೆ ಅಕ್ಕಡಿ ಎನ್ನುತ್ತಾರೆ. ಅಕ್ಕಡಿ ಸಾಲನ್ನು ಉಳಿದವರೆಲ್ಲ ಯಾವತ್ತೋ ಬಿಟ್ಟಿದ್ದರು. ಅಂಗಡಿಯ ಅವರೆ ಬೀಜ ಯಾವಾಗ ಹಾಕಿದರೂ ಎರಡು ತಿಂಗಳಿಗೆ ಹೂ ಬಿಡುತ್ತದೆ. ದೊಡ್ಡಮ್ಮನದು ಹಾಗಲ್ಲ. ಇಬ್ಬನಿ ಬೀಳುವವರೆಗೆ ಬಳ್ಳಿ ಹಬ್ಬಿಕೊಂಡು ಸುಮ್ಮನಿರುತ್ತಿತ್ತು, ಥೇಟ್ ಅದರ ಯಜಮಾನತಿಯ ಹಾಗೆ. ಯಾರ ಅವಸರಕ್ಕೂ ಅದು ಹೂ ಬಿಟ್ಟದ್ದಿಲ್ಲ.

ಆ ಅವರೆಗೆ ಬೆಲೆ ಬಂದದ್ದು ನನ್ನ ತಮ್ಮನ ಹೆಂಡತಿಯಿಂದ. ಎಚ್.ಡಿ. ಕೋಟೆ ಕಡೆಯ ಹುಡುಗಿ, ಚುರುಕು. ಸೀಸನ್ನಿನಲ್ಲಿ ಬ್ಯಾರನ್ನಿನ ಬಿಸಿಯಲ್ಲಿ ನಿಂತು ನಿಂತು ಕೆಮ್ಮು ಹಿಡಿದ ಮೇಲೆ, ಈ ಸೊಪ್ಪಿನಿಂದ ಹೊರಗೆ ಬರುವ ದಾರಿ ಯಾವುದು ಎಂದು ಒಂದೇ ಸಮ ಯೋಚಿಸುತ್ತಿದ್ದಳು. ಊರಿನ ಹೆಂಗಸರ ಸಂಘಕ್ಕೆ ಅವಳೇ ಮುಂದಾಳು. ಪಿರಿಯಾಪಟ್ಟಣದಲ್ಲಿ ಸಂಘಗಳಿಗೆಂದು ಒಂದು ತರಬೇತಿ ನಡೆಯಿತು. ಮೈಸೂರಿನಿಂದ ಬಂದಿದ್ದ ಅಧಿಕಾರಿಯೊಬ್ಬರು, ಪ್ರಾದೇಶಿಕ ಅಭಿವೃದ್ಧಿಗೆ ಸ್ಥಳೀಯ ಪರಂಪರೆಯೇ ಬುನಾದಿಯಾಗಬೇಕು ಎಂದರಂತೆ. ಅವಳು ಫೋನಿನಲ್ಲಿ ಇದನ್ನು ಒಪ್ಪಿಸಿದಾಗ ನನಗೆ ನಗು. "ಅಂದರೆ ಏನಮ್ಮ?" ಎಂದೆ.

"ನಮ್ಮೂರಲ್ಲೇ ಇರೋದು, ಬೇರೆ ಕಡೆ ಸಿಗದೇ ಇರೋದು ಏನಾದ್ರೂ ಇದ್ರೆ ಅದನ್ನ ಹಿಡ್ಕೊಂಡು ಮೇಲೆ ಬನ್ನಿ ಅಂತ ಅಕ್ಕ. ನಂಗೆ ತಕ್ಷಣ ದೊಡ್ಡತ್ತೆಯವರ ಅವರೆ ನೆಪ್ಪಾಯ್ತು."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ನಮಗ್ಯಾರಿಗೂ ಹೊಳೆಯದ್ದು ಹೊರಗಿನಿಂದ ಬಂದವಳಿಗೆ ಹೊಳೆದಿತ್ತು. ಮುಂದಿನ ತರಬೇತಿಗೆ ಅವಳು ಡಬ್ಬಿಯಲ್ಲಿ ದೊಡ್ಡಮ್ಮನ ಅವರೆಕಾಳನ್ನು ನೆನೆಸಿ ಸಿಪ್ಪೆ ಹಿಚುಕಿ ತೆಗೆದು ಮಾಡಿದ ಹಿತಕಿದ ಬೇಳೆ ಸಾರು ಒಯ್ದಳು. ಅಧಿಕಾರಿ ಮುಚ್ಚಳ ತೆಗೆದು ಮೂಸಿ, ಇದೇ ಬೇಕಾಗಿದ್ದದ್ದು, ಬೀಜ ಹೆಚ್ಚು ಮಾಡಿ, ಉಳಿದ ಊರುಗಳಿಗೂ ಕೊಡೋಣ, ನಿಮ್ಮೂರಿನ ಹೆಸರಿನಲ್ಲೇ ಮಾರುಕಟ್ಟೆಗೆ ಹೋಗಲಿ ಎಂದರಂತೆ. ಅಂದಿನಿಂದ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಂಘದ ಹೆಂಗಸರು ತಂತಮ್ಮ ಗಂಡಂದಿರ ಕೂಡ ಜಗಳಾಡಿ ಒಂದೊಂದು ತುಂಡು ಹೊಲವನ್ನು ಹೊಗೆಸೊಪ್ಪಿನಿಂದ ಬಿಡಿಸಿಕೊಂಡರು. ನನ್ನ ತಮ್ಮ ಆ ವರ್ಷ ಹೊಗೆಸೊಪ್ಪಿನ ಸಸಿಮಡಿಯನ್ನು ಅರ್ಧಕ್ಕೆ ಇಳಿಸಿದ. ಹೆಂಡತಿಯ ಮಾತು ಕೇಳಿ ಕೆಟ್ಟೆ ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗಿದನಾದರೂ, ಒಳಗೊಳಗೆ ಅವನಿಗೂ ಆಸೆ ಹುಟ್ಟಿತ್ತು.

ಉಳಿದದ್ದು ಬೀಜ. ಶಿವರಾತ್ರಿಗೆ ನಾನು ಊರಿಗೆ ಹೋದಾಗ ಅವಳು ನನ್ನನ್ನೂ ಕರೆದುಕೊಂಡು ದೊಡ್ಡಮ್ಮನ ಮನೆಗೆ ಹೋದಳು. ಮರದ, ಅಂದರೆ ಕಾಳು ಕೇರುವ ಮೊರದ, ತುಂಬ ರಾಗಿ ಹೊತ್ತುಕೊಂಡೇ ಹೋಗಿದ್ದಳು. ನಮ್ಮಲ್ಲಿ ಬೀಜವನ್ನು ಮಾರುವುದೂ ಇಲ್ಲ, ಬಿಟ್ಟಿ ಕೊಡುವುದೂ ಇಲ್ಲ. ಕೇಳಲು ಬಂದವರು ಮರದಲ್ಲಿ ಕಾಳು ತಂದು ಅದೇ ಮರದಲ್ಲಿ ಬೀಜ ಒಯ್ಯಬೇಕು. ಆ ಹುಡುಗಿ ಇದನ್ನೆಲ್ಲ ಕೇಳಿ ತಿಳಿದುಕೊಂಡಿದ್ದಳು. ದೊಡ್ಡಮ್ಮನಿಗೆ ಹಿಗ್ಗಾಯಿತು. ಮೂಲೆಯಲ್ಲಿದ್ದ ವಾಡೆಯನ್ನು, ಅಂದರೆ ಕಾಳು ತುಂಬುವ ದೊಡ್ಡ ಮಣ್ಣಿನ ಮಡಕೆಯನ್ನು, ತಟ್ಟಿ ತೋರಿಸಿದರು. ಕೆಮ್ಮಣ್ಣು ಬಳಿದು ಒಣಗಿಸಿದ ಅವರೆ ಅದರೊಳಗಿತ್ತು. ಬಾಯಿಗೆ ಸಗಣಿ ಮೆತ್ತಿತ್ತು.

"ಕೊಡ್ದೆ ಏನವ್ವ, ನೀನಲ್ದೆ ಇನ್ಯಾರು ಬಿತ್ತಾರು. ಆದ್ರೆ ಒನ್ನಾರು ಆಗ್ಲಿ ಕಣವ್ವ. ಒನ್ನಾರಿಗೆ ಮುಂಚೆ ಬೀಜದ ವಾಡೆ ಬಾಯಿ ಬಿಚ್ಚಬಾರ್ದು. ನಮ್ಮತ್ತೆ ಬಿಚ್ಚಲಿಲ್ಲ, ನಾನೂ ಬಿಚ್ಚಾಕಿಲ್ಲ."

ಹೊನ್ನಾರು ಎಂದರೆ ಯುಗಾದಿ ಕಳೆದ ಮೇಲೆ ಎತ್ತುಗಳಿಗೆ ಪೂಜೆ ಮಾಡಿ ಊರವರೆಲ್ಲ ಕೂಡಿ ಹೂಡುವ ವರ್ಷದ ಮೊದಲ ಉಳುಮೆ. ಈಗ ಟ್ರ್ಯಾಕ್ಟರಿಗೂ ಹೂವಿನ ಹಾರ ಹಾಕಿ ಹೊರಡಿಸುತ್ತಾರೆ. ಯುಗಾದಿ ಕಣ್ಣಳತೆಯಲ್ಲೇ ಇತ್ತು. ರಾಗಿಯ ಮರವನ್ನು ಅಲ್ಲೇ ಬಿಟ್ಟು ಬಂದೆವು. ದಾರಿಯಲ್ಲಿ ನನ್ನ ತಮ್ಮನ ಹೆಂಡತಿ, ಇದನ್ನೂ ಅಧಿಕಾರಿಗಳಿಗೆ ಹೇಳಬೇಕು, ಹೊನ್ನಾರಿನ ದಿನವೇ ಬೀಜ ಹಂಚುವ ಕಾರ್ಯಕ್ರಮ ಇಟ್ಟುಕೊಂಡರೆ ಎಷ್ಟು ಚೆಂದ ಎಂದು ಬಾಯಿ ತುಂಬ ಮಾತಾಡಿದಳು. ನನಗೂ ಚೆಂದ ಎನ್ನಿಸಿತು.

ದೊಡ್ಡಮ್ಮ ಯುಗಾದಿ ಕಾಣಲಿಲ್ಲ. ಬೆಳಗ್ಗೆ ಹಾಲು ಕರೆದು ಬಂದು ಜಗಲಿಯ ಮೇಲೆ ಕೂತವರು ಹಾಗೆಯೇ ಗೋಡೆಗೆ ಒರಗಿದರಂತೆ. ಯಾರನ್ನೂ ಒಂದು ಲೋಟ ನೀರು ಕೇಳದ ಸಾವು, ಪುಣ್ಯವಂತೆ ಎಂದರು ಊರವರು. ನಾನು ಮಣ್ಣಿಗೆ ಹೋಗಿ ಬಂದೆ. ತುಂಬ ಅತ್ತುಬಿಟ್ಟೆ. ತಾಯಿ ಇಲ್ಲದ ನನಗೆ ಬಾಣಂತನ ಮಾಡಿದ ಜೀವ ಅದು.

ಬೀಜದ ಯೋಚನೆ ನನ್ನ ತಮ್ಮನ ಹೆಂಡತಿಗೆ ಇತ್ತು. ಆದರೆ ಸೂತಕದ ಮನೆಯಿಂದ ಬೀಜ ಕೇಳುವುದುಂಟೇ? ಹಾಗೆ ಕೇಳಿದರೆ ನಾಳೆ ಊರು ಏನೆಂದೀತು, ಹೆಣ ಹೋಗುವುದನ್ನೇ ಕಾಯುತ್ತಿದ್ದಳು ಎನ್ನದೆ ಬಿಡುತ್ತದೆಯೇ? ತಿಥಿ ಕಳೆಯಲಿ, ಹೊನ್ನಾರು ಹೇಗೂ ಬರುತ್ತದೆ, ದೊಡ್ಡಮ್ಮನ ಸೊಸೆಯ ಕೈಯಿಂದಲೇ ಮರ ತುಂಬಿಸಿಕೊಂಡರಾಯಿತು ಎಂದುಕೊಂಡಳು. ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ತಿಥಿಗೆ ಮೂರು ತಾಲ್ಲೂಕಿನ ನೆಂಟರು ಬಂದಿದ್ದರು. ಪೆಂಡಾಲಿನಲ್ಲಿ ಸಾಲಾಗಿ ಎಲೆ ಹಾಕಿದ್ದರು. ಮುದ್ದೆ, ಸಾರು, ಪಾಯಸ, ಅನ್ನ. ಬಡಿಸುವವರಲ್ಲಿ ನನ್ನ ತಮ್ಮನ ಹೆಂಡತಿಯೂ ಸೆರಗು ಸಿಕ್ಕಿಸಿ ನಿಂತಿದ್ದಳು, ಅವಳ ಕೈಯಲ್ಲೇ ಸಾರಿನ ಬಕೆಟ್ಟು. ಆ ಬಿಸಿಲಲ್ಲಿ ಹಸಿವು ವಿಪರೀತವಾಗಿತ್ತು. ನಾನು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದೆ. ಹಿತಕಿದ ಬೇಳೆ ಸಾರು. ಎಂಥ ಸಾರು! ಪಕ್ಕದಲ್ಲಿ ಕೂತಿದ್ದ ಕಟ್ಟೆಮಳಲವಾಡಿಯ ನೆಂಟರು, ತಿಥಿ ಊಟ ಅಂದ್ರೆ ಇದು ಕಣ್ರೀ ಎಂದು ಎಲೆ ಬಳಿದರು. ನಾನು ಇನ್ನೊಂದು ಸಲ ಬಡಿಸೆಂದು ಕರೆದೆ.

"ದೊಡ್ಡಮ್ಮನ ಸಾರು ಉಂಡ ಹಾಗೇ ಆಯ್ತು ಕಣೇ," ಎಂದೆ. ಪ್ರೀತಿಯಿಂದಲೇ ಅಂದದ್ದು.

ಅವಳ ಸೌಟು ಬಕೆಟ್ಟಿನೊಳಗೇ ನಿಂತಿತು. "ಅಕ್ಕ, ಈ ಬ್ಯಾಸಗೇಲಿ ಅವರೆ ಎಲ್ಲಿಂದ ಬಂತು?" ಎಂದಳು. ಅವಳ ಮುಖ ನೋಡಿದ ಮೇಲೆ ನನಗೆ ಅರ್ಥವಾಯಿತು. ಬಕೆಟ್ಟನ್ನು ಎಲೆಗಳ ನಡುವೆಯೇ ಇಟ್ಟು ಒಳಗೆ ಹೋದಳು. ನಾನೂ ಎಂಜಲು ಕೈಯಲ್ಲೇ ಎದ್ದು ಹಿಂದೆ ಹೋದೆ.

ವಾಡೆಯ ಬಾಯಿ ತೆರೆದಿತ್ತು. ದೊಡ್ಡಮ್ಮನ ಸೊಸೆ ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದಳು. ನಮ್ಮನ್ನು ಕಂಡು ಅಕ್ಕರೆಯಿಂದಲೇ ಹೇಳಿದಳು: "ಅತ್ತೆಗೆ ಇತಕಿದ್ ಬೇಳೆ ಅಂದ್ರೆ ಪ್ರಾಣ ಅಲ್ವಾ? ಸತ್ತೋರಿಗೆ ಇಷ್ಟ ಆದ್ದನ್ನ ಎಡೆಗೆ ಇಡ್ದೆ ಇದ್ರೆ ಎಂಗೆ? ಅದ್ಕೇ ಇರೋದನ್ನೆಲ್ಲ ಮಣ್ಣು ತೊಳ್ದು ನೆನೆಹಾಕ್ದೆ. ಊರ ಎಣ್ಮಕ್ಕಳೆಲ್ಲ ಕೂತ್ಕೊಂಡು ಇತಕಿದ್ರು."

"ಅದು ಬೀಜ ಕಣಕ್ಕ," ಎಂದಳು ನನ್ನ ತಮ್ಮನ ಹೆಂಡತಿ. ಅಷ್ಟೇ.

"ಬೀಜ್ವಾ? ಬೀಜನ ಅಂಗಡೀಲಿ ತರ್ತಾರಲ್ಲವ್ವ?"

ಅವಳದೂ ತಪ್ಪಲ್ಲ. ಅವಳು ಮದುವೆಯಾಗಿ ಬಂದಾಗಿನಿಂದ ಕಂಡ ಬೀಜವೆಲ್ಲ ಪ್ಯಾಕೆಟ್ಟಿನಲ್ಲಿ ಬಂದದ್ದೇ. ಕೆಮ್ಮಣ್ಣು ಬಳಿದದ್ದು ಹುಳು ಹಿಡಿಯದಿರಲೆಂದು, ಮಳೆಗಾಲಕ್ಕೆ ಉಣ್ಣಲಿಕ್ಕೆಂದು ಅವಳ ತಿಳಿವಳಿಕೆ. ದೊಡ್ಡಮ್ಮ ಬೀಜದ ಮಾತನ್ನು ಸೊಸೆಯ ಹತ್ತಿರವೂ ಆಡುವವರಲ್ಲ. ವಾಡೆಯ ಬಾಯಿ ಬಿಚ್ಚುವ ದಿನ ಎಲ್ಲ ಹೇಳಿಕೊಟ್ಟರಾಯಿತು ಎಂದಿದ್ದಿರಬೇಕು. ನನ್ನ ತಮ್ಮನ ಹೆಂಡತಿ ಹಿತ್ತಲಿಗೆ ಹೋಗಿ, ಎಮ್ಮೆಗೆಂದು ರಾಶಿ ಹಾಕಿದ್ದ ಸಿಪ್ಪೆಯನ್ನು ಕೆದಕಿ ಕೆದಕಿ ನೋಡಿದಳು. ಹಿತಕದೆ ಬಿಟ್ಟ ಒಂದು ಕಾಳಾದರೂ ಇದ್ದೀತೆಂದು. ನಮ್ಮೂರ ಹೆಂಗಸರ ಕೈ ಚುರುಕು, ಒಂದನ್ನೂ ಬಿಟ್ಟಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಕೊರಗುತ್ತಾರೆ. ನಮ್ಮದು ಬಾಯಿಗೆ ಬಂದೇ ಹಾಳಾಯಿತು.

ಹೊರಗೆ ಪಂಕ್ತಿ ನಡೆದೇ ಇತ್ತು, ಸಾರು ಎಂದು ಯಾರೋ ಕೂಗುತ್ತಿದ್ದರು. ಅವಳು ಕೈ ತೊಳೆದುಕೊಂಡು ಬಂದು ಬಕೆಟ್ಟು ಎತ್ತಿಕೊಂಡಳು, ಕೊನೆಯ ಎಲೆಯವರೆಗೂ ಬಡಿಸಿದಳು. ತಿಥಿಯ ಮನೆಯಲ್ಲಿ ಗಲಾಟೆ ಮಾಡಬಾರದಲ್ಲ. ಅವಳು ಬೈದು ಕೂಗಾಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆಮೇಲೆ ಹುಡುಕದ ಜಾಗವಿಲ್ಲ. ಹುಣಸೂರಿನ ಸಂತೆಯಲ್ಲಿ ಕೇಳಿದೆವು. ಅವಳ ತವರಿನ ಕಡೆ ಹಳ್ಳಿ ಹಳ್ಳಿ ಸುತ್ತಿದೆವು. ಕಪಿಲೆ ಹೊಳೆಯ ಆಚೆಯ ಒಂದು ಊರಿನಲ್ಲಿ ಮುದುಕರೊಬ್ಬರು, ಇದು ನಾಟೀದು ಕಣ್ರವ್ವ ಎಂದು ಆಣೆ ಹಾಕಿ ಕೊಟ್ಟರು. ತಂದು ಬಿತ್ತಿದರೆ ಇಬ್ಬನಿಯ ಹಂಗಿಲ್ಲದೆ ಮಳೆಗಾಲದಲ್ಲೇ ಹೂ ಬಿಟ್ಟಿತು. ಹೊಗೆಸೊಪ್ಪು ಬಿಟ್ಟ ಹೊಲಗಳು ಖಾಲಿ ಇರಲಾಗದು, ಗಂಡಂದಿರ ಬಾಯಿ ಬೇರೆ. ಸಂಘದವರು ಅದನ್ನೇ ಬೆಳೆದರು. ಫಸಲು ಚೆನ್ನಾಗಿಯೇ ಬಂತು. ಅಧಿಕಾರಿ ಬಂದು ಮೆಚ್ಚಿ ಫೋಟೋ ತೆಗೆಸಿಕೊಂಡರು. ಒಣಗಿಸಿದ ಹಿತಕಿದ ಬೇಳೆಗೆ ಪ್ಯಾಕೆಟ್ಟು ಮಾಡಿಸಿ, ಮೇಲೆ ಅಜ್ಜಿಯ ಸೊಗಡವರೆ ಎಂದು ಅಚ್ಚು ಹಾಕಿಸಿ, ಕೆಳಗೆ ದೊಡ್ಡಮ್ಮನ ನಗುವ ಫೋಟೋ ಹಾಕಿದರು. ಮೈಸೂರಿನ ಮೇಳದಲ್ಲಿ ಜನ ಕೈಗೆ ಸಿಕ್ಕಷ್ಟು ಕೊಂಡರು. ನಮ್ಮ ಮನೆಯಲ್ಲಿ ಅದರ ಸಾರು ಮಾಡಿದಾಗ ನನ್ನ ಮಗಳು, ಎಷ್ಟು ಚೆನ್ನಾಗಿದೆಯಮ್ಮ ಎಂದಳು. ಹೌದು, ಚೆನ್ನಾಗಿಯೇ ಇತ್ತು. ಅದರಲ್ಲಿ ಯಾವುದು ಇಲ್ಲವೆಂದು ಅವಳಿಗೆ ಹೇಳಿ ತಿಳಿಸುವುದು ಹೇಗೆಂದು ಗೊತ್ತಾಗದೆ ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಮೊನ್ನೆ ದೊಡ್ಡಮ್ಮನ ವರ್ಷದ ತಿಥಿ. ಈ ಸಲ ಮನೆಯವರಷ್ಟೇ. ನನ್ನ ತಮ್ಮನ ಹೆಂಡತಿ ಸಂಘದ ಪ್ಯಾಕೆಟ್ಟುಗಳನ್ನು ಬ್ಯಾಗಿನಲ್ಲಿ ತಂದು, ಸಾರಿಗೆ ಆಗುತ್ತದೆ ಅಕ್ಕ ಎಂದು ದೊಡ್ಡಮ್ಮನ ಸೊಸೆಯ ಮುಂದಿಟ್ಟಳು. ಅವಳು ಒಂದನ್ನು ಎತ್ತಿ, ಅತ್ತೆಯ ಫೋಟೋವನ್ನು ಸೆರಗಿನಿಂದ ಒರೆಸಿದಳು. ಕತ್ತರಿಸಿ ಬೇಳೆಯನ್ನು ಅಂಗೈಗೆ ಸುರಿದುಕೊಂಡು ಮೂಸಿದಳು. ಮತ್ತೆ ಪ್ಯಾಕೆಟ್ಟಿಗೇ ಹಾಕಿ ಬಾಯಿ ಮಡಿಸಿದಳು.

"ಬ್ಯಾಡ ಕಣವ್ವ. ತೊಗರಿಬೇಳೆ ಸಾರೇ ಮಾಡ್ತೀನಿ. ಇದು ಅತ್ತೇದು ಅಂತ ಅತ್ತೆ ಮುಂದೇನೇ ಎಂಗ್ ಇಡ್ಲಿ?"

ಅವಳು ಒಲೆಯ ಕಡೆ ತಿರುಗಿದಳು. ನನ್ನ ತಮ್ಮನ ಹೆಂಡತಿ ಪ್ಯಾಕೆಟ್ಟುಗಳನ್ನು ಬ್ಯಾಗಿಗೆ ತುಂಬಿಕೊಂಡು ನನ್ನ ಪಕ್ಕದಲ್ಲಿ ಕೂತಳು.

"ಊರೋರಿಗೆಲ್ಲ ನಾನು ಇದನ್ನೇ ಅವ್ರದು ಅಂತ ಕೊಡ್ತಾ ಇದ್ದೀನಲ್ಲ ಅಕ್ಕ," ಎಂದಳು.

ನಾನು ಅವಳ ಕೈಯನ್ನು ಹಿಡಿದುಕೊಂಡು ಕೂತೆ.