ಕೊನೆಯ ಹಾಳೆಯ ಸಣ್ಣ ಅಕ್ಷರ

ಗುಬ್ಬಿಯ ಓದುಗರಿಗೆ ಒಂದು ಅಭ್ಯಾಸವಿತ್ತು. ಪುಸ್ತಕ ಹಿಂದಿರುಗಿಸುವ ಮುಂಚೆ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ಮಾತು ಬರೆಯುವುದು. "ಚೆನ್ನಾಗಿದೆ." "ದಂಡ." "ಮೊದಲರ್ಧ ಬಿಟ್ಟು ಓದಿ." ಅಲ್ಲಿನ ಒಂದು ಚಿಕ್ಕ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ನನಗೂ ಒಂದು ಅಭ್ಯಾಸವಿತ್ತು. ಶನಿವಾರ ಬಾಗಿಲು ಹಾಕಿದ ಮೇಲೆ ಆ ವಾರ ವಾಪಸು ಬಂದ ಪುಸ್ತಕಗಳನ್ನು ತೆರೆದು ಆ ಮಾತುಗಳನ್ನೆಲ್ಲ ರಬ್ಬರಿನಿಂದ ಅಳಿಸುವುದು. ಪುಸ್ತಕದಲ್ಲಿ ಬರೆಯಬಾರದು ಎಂಬ ಬೋರ್ಡು ನನ್ನ ಕುರ್ಚಿಯ ಹಿಂದೆಯೇ ಇತ್ತು. ಅದನ್ನು ಬರೆಸಿದವಳೂ ನಾನೇ. ನಮ್ಮ ತಂದೆ ಡ್ರಿಲ್ ಮೇಷ್ಟ್ರು. ಮನೆಯಲ್ಲಿ ತಲೆ ಬಾಚುವುದಕ್ಕೂ ಹೊತ್ತು ಗೊತ್ತಿತ್ತು. ಮಾಡುವ ಕೆಲಸವನ್ನು ಮುಂದೂಡಿದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಿಂದ ದಿನವೂ ಬಸ್ಸಿನಲ್ಲಿ ಗುಬ್ಬಿಗೆ ಹೋಗಿ ಬರುತ್ತಿದ್ದೆ. ಕುಣಿಗಲ್‌ನಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ನನ್ನ ಅಕ್ಕನ ಗಂಡ ಆಗ ಒಂದು ಕಾದಂಬರಿ ಬರೆದರು. ಒಂದು ತಾಲ್ಲೂಕು ಊರು, ಚುನಾವಣೆ, ಎರಡು ಬಣ, ಒಂದು ಕೊಲೆ. ಕೊಲೆಗಾರನ ಬೆನ್ನು ಹತ್ತಿದ ಸಬ್‌ಇನ್‌ಸ್ಪೆಕ್ಟರಿಗೆ ಇನ್ನೇನು ಸುಳಿವು ಸಿಕ್ಕಿತು ಎನ್ನುವಾಗ ವರ್ಗವಾಗುತ್ತದೆ. ಟ್ರಂಕು ಹಿಡಿದು ಬಸ್ಸು ಹತ್ತುತ್ತಾನೆ, ಪುಸ್ತಕ ಮುಗಿಯುತ್ತದೆ. ಆರು ವರ್ಷ ಬರೆದ ಪುಸ್ತಕ. ಅದರ ಒಂದು ಪ್ರತಿ ನಮ್ಮ ಗ್ರಂಥಾಲಯಕ್ಕೂ ಬಂತು.

"ಗೊತ್ತಿರೋರು ಹೊಗಳ್ತಾರೆ, ಅದು ಲೆಕ್ಕಕ್ಕಿಲ್ಲ," ಎಂದರು ಭಾವ. "ಗುಬ್ಬೀಲಿ ನನ್ ಮುಖ ಯಾರೂ ನೋಡಿಲ್ಲ. ಅಲ್ಲಿಯೋರು ಕೊನೇ ಹಾಳೇಲಿ ಏನ್ ಬರೀತಾರೆ ನೋಡಿ, ಎರಡ್ನೇದು ಬರೀಬೇಕೋ ಬೇಡ್ವೋ ತೀರ್ಮಾನ ಮಾಡ್ತೀನಿ. ಅದೊಂದು ಪುಸ್ತಕ ಅಳಿಸ್ಬೇಡ ಕಣಮ್ಮ."

"ಎರಡ್ನೇದು ಬೇಡ ಅಂತ ನಾನೇ ಬರೀತೀನಿ, ಪೆನ್ಸಿಲ್ ಕೊಡ್ರಿ," ಎಂದಳು ಅಕ್ಕ.

ಅಳಿಸುವುದಿಲ್ಲ ಎಂದು ಮಾತು ಕೊಟ್ಟೆ.

ಪುಸ್ತಕ ಕಪಾಟಿನಲ್ಲಿ ನಿಲ್ಲಲಿಲ್ಲ. ಬಟ್ಟೆ ಅಂಗಡಿಯವರೊಬ್ಬರು ಅದನ್ನು ತಂದು ಮೇಜಿನ ಮೇಲೆ ಕುಕ್ಕಿದರು. "ಮೇಡಂ, ಇದು ನಮ್ ಕಡೆಯೋರ್ನ ಬಯ್ಯಕ್ಕೇ ಬರ್ದಿರೋದು." ಹದಿನೈದು ದಿನದ ಮೇಲೆ ಅವರ ಎದುರು ಬಣದವರು ಬಂದು ಅದನ್ನೇ ಹೇಳಿದರು, ಮಾತು ಕೂಡ ಬದಲಾಗಿರಲಿಲ್ಲ. ಅಕ್ಕಿ ಗಿರಣಿಯ ಗುಮಾಸ್ತರು ಪುಸ್ತಕವನ್ನು ಬೆಳಕಿಗೆ ಹಿಡಿದು ಹೊಲಿಗೆ ಪರೀಕ್ಷಿಸಿದರು.

"ಮೇಡಂ, ಕೊನೇ ಪುಟ ಹರ್ದೋಗಿದೆ. ಕೊಲೆ ಮಾಡ್ದೋನ್ ಯಾರು ಅಂತಾನೇ ಇಲ್ಲ."

"ಹರಿದಿಲ್ಲ ಸಾರ್. ಅಷ್ಟೇ ಇರೋದು."

"ಅಷ್ಟೇನಾ! ಮುನ್ನೂರು ಪುಟ ಓದ್ಸಿ ಕೈ ಎತ್ಬುಟ್ನಲ್ಲ!"

ಹಾಳೆ ತುಂಬುತ್ತ ಹೋಯಿತು. "ಬೋರು." "ನಿಜವಾದ ಮಾತು." "ಕೊಲೆ ಆಗಲು ಅರವತ್ತು ಪುಟ ಕಾಯಬೇಕು." "ಮೇಲಿನವನು ಆ ಪಾರ್ಟಿಯವನು." "ನಿಮ್ಮಪ್ಪ ಆ ಪಾರ್ಟಿಯವನು." ಪ್ರತಿ ಸಲ ಪುಸ್ತಕ ವಾಪಸು ಬಂದಾಗ ಓದುತ್ತಿದ್ದೆ, ಮುಚ್ಚಿಡುತ್ತಿದ್ದೆ. ತುಂಬಿದ ಮೇಲೆ ಭಾವನಿಗೆ ಒಯ್ದು ಕೊಡೋಣವೆಂದಿದ್ದೆ.

ಆಮೇಲೆ ಪುಸ್ತಕಗಳ ವಾರ್ಷಿಕ ತಪಾಸಣೆ ಬಂತು. ಒಂದು ವಾರ ಇಡೀ ದಿನ ಏಣಿ ಹತ್ತಿ ಇಳಿದು, ಧೂಳು ಕುಡಿದು, ಶನಿವಾರದ ಹೊತ್ತಿಗೆ ಕೈಕಾಲು ನನ್ನದಲ್ಲ ಎನ್ನಿಸಿತ್ತು. ಆದರೂ ಶನಿವಾರ ಶನಿವಾರವೇ. ರಬ್ಬರು ತೆಗೆದುಕೊಂಡು ಕುಳಿತೆ. ಕೈ ಅಳಿಸುತ್ತಿತ್ತು, ಕಣ್ಣು ಗಡಿಯಾರದ ಮೇಲಿತ್ತು. ತುಮಕೂರಿನ ಬಸ್ಸಿಗೆ ಹತ್ತು ನಿಮಿಷ. ಒಂದು ಹಾಳೆಯ ಕೆಳಗಿನ ಅರ್ಧದಲ್ಲಿ ಯಾರೋ ಸಣ್ಣ ಅಕ್ಷರದಲ್ಲಿ ಉದ್ದಕ್ಕೆ ಬರೆದಿದ್ದರು. ಇಷ್ಟೊಂದು ಅಳಿಸಬೇಕಲ್ಲ ಎಂದು ಬೇಸರವಾಯಿತು, ಅಷ್ಟೆ. ಅಳಿಸಿ, ಪುಡಿ ಊದಿ, ರಟ್ಟು ಮುಚ್ಚಿದಾಗ ಗೊತ್ತಾಯಿತು ಯಾವ ಪುಸ್ತಕ ಎಂದು.

ಮಾರನೆಯ ಬೆಳಿಗ್ಗೆ ಪುಸ್ತಕವನ್ನೇ ಹಿಡಿದು ಕುಣಿಗಲ್‌ಗೆ ಹೋದೆ. ಭಾವ ಬೈಯಲಿಲ್ಲ. ಜಗಲಿಗೆ ಹೋಗಿ ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದರು. ಒತ್ತಿ ಬರೆದವರ ಅಕ್ಷರ ಗೀರಾಗಿ ಉಳಿದಿತ್ತು. ಅವರು ತಡವರಿಸಿದಲ್ಲಿ ನಾನು ನೆನಪಿನಿಂದ ತುಂಬಿದೆ. "ನಿಮ್ಮಪ್ಪ ಆ ಪಾರ್ಟಿಯವನು" ಎಂಬಲ್ಲಿಗೆ ಬಂದಾಗ ಜೋರಾಗಿ ನಕ್ಕರು. ಆಮೇಲೆ ಹಾಳೆಯ ಕೆಳಗೆ ಬಂದರು.

"ಇಲ್ಲೇನಿತ್ತು?"

"ಉದ್ದಕ್ಕೆ ಏನೋ ಬರ್ದಿತ್ತು ಭಾವ. ಈ ವಾರವೇ ಬಂದಿದ್ದು. ನಾನು ಓದ್ಲಿಲ್ಲ."

ಬರೆದವರದು ಹಗುರ ಕೈ. ಹಾಳೆಯನ್ನು ಎಷ್ಟು ತಿರುಗಿಸಿದರೂ ಒಂದೇ ಪದ ಕಂಡಿತು.

"'ಆದರೆ' ಅಂತಿದೆ," ಎಂದರು. "ಆದರೆ ಏನು?"

ನಾನು ಪುಸ್ತಕ ಈಸಿಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ.

"ಬೈದೋರು, ಹೊಗಳ್ದೋರು ಎಲ್ರೂ ಒಂದೊಂದ್ ಸಾಲು. ಇಷ್ಟುದ್ದ ಬರ್ದಿರೋದು ಇವ್ರೊಬ್ರೇ ಕಣಮ್ಮ. ಇವ್ರು ಹೇಳಿದ್ದು ಗೊತ್ತಾಗ್ದೆ ಎರಡ್ನೇದಕ್ಕೆ ಕೈ ಹಾಕಕ್ಕೆ ಮನಸ್ಸು ಬರಲ್ಲ."

ಸೋಮವಾರ ರಿಜಿಸ್ಟರು ನೋಡಿದೆ. ಕೊನೆಯ ಸಲ ಒಯ್ದವರು ಅದೇ ಗಿರಣಿ ಗುಮಾಸ್ತರು, ಎರಡನೆಯ ಬಾರಿ. ಹೋಗಿ ಕೇಳಿದೆ. "ನಾನಲ್ಲ ಮೇಡಂ, ನಾನೊಂದ್ ಸಲ ಓದಿದ್ದೇ ಸಾಕು. ಈ ಸಲ ನಮ್ ಮನೆಯೋಳು ಕೇಳಿದ್ಲು. ಅವಳು ಪಕ್ಕದ್ಮನೆಗೆ ಕೊಟ್ಲು. ಅವ್ರ ಮನೇಗ್ ಬಂದಿದ್ ನೆಂಟ್ರು ಬಸ್‌ಸ್ಟ್ಯಾಂಡ್‌ವರ್ಗೂ ಓದ್ಕೊಂಡೇ ಹೋದ್ರಂತೆ, ಅಲ್ಲಿಂದ ಇನ್ಯಾರೋ ತಂದ್ಕೊಟ್ರು." ಪಕ್ಕದ ಮನೆಯಲ್ಲಿ ವಿಚಾರಿಸಿದೆ, ಆ ನೆಂಟರಿಗೆ ಕಾಗದ ಬರೆಸಿದೆ. ಏನೂ ಸಿಗಲಿಲ್ಲ.

ಕೊನೆಗೆ ನಾನು ಎಂದೂ ಮಾಡದ ಕೆಲಸ ಮಾಡಿದೆ. ನನ್ನ ಬೋರ್ಡಿಗೆ ಬೆನ್ನು ಹಾಕಿ ಕುಳಿತು, ಅದೇ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದೆ: "ಇಲ್ಲಿ ಸಣ್ಣ ಅಕ್ಷರದಲ್ಲಿ ಉದ್ದವಾಗಿ ಬರೆದವರು ದಯವಿಟ್ಟು ಇನ್ನೊಮ್ಮೆ ಬರೆಯಬೇಕು."

ಗುಬ್ಬಿಯವರು ಮರ್ಯಾದೆಯವರು. ಕೇಳಿದ್ದಕ್ಕೆ ಉತ್ತರ ಕೊಡದೆ ಬಿಡುವುದಿಲ್ಲ. ಪುಸ್ತಕ ಹೋಗಿ ಬಂದಾಗಲೆಲ್ಲ ಕೆಳಗೊಂದು ಸಾಲು ಸೇರಿತು. "ನಾನಲ್ಲ." "ನಾನೂ ಅಲ್ಲ." "ನಾನು ಬರೆದಿದ್ದು ಮೇಲೆ, ಬೋರು ಅಂತ." ವರ್ಷವಾಗುವಷ್ಟರಲ್ಲಿ ಹಾಳೆ ಮತ್ತೆ ತುಂಬಿತು. ಭಾವನಿಗೆ ತೋರಿಸಿದೆ. ಒಂದೊಂದನ್ನೂ ಬೆರಳಿಟ್ಟು ಓದಿದರು, ಈ ಸಲವೂ ನಕ್ಕರು. ಆಮೇಲೆ ಎರಡನೆಯ ಪುಸ್ತಕಕ್ಕೆಂದು ಗೆರೆ ಹಾಕಿಟ್ಟಿದ್ದ ಹಾಳೆಗಳನ್ನು ತಂದು ಅಕ್ಕನ ಕೈಗೆ ಕೊಟ್ಟರು.

"ಶಾಲೆ ಪರೀಕ್ಷೆಗೆ ಆಗುತ್ತೆ, ಒಳಗಿಡು."

ಅಕ್ಕ ನನ್ನ ಮುಖ ನೋಡಿದಳು. ನಾನು ಗಡಿಯಾರ ನೋಡಿದೆ.