ಚಿತ್ರ ಅಗಲವಾಗಲಿ ಅಂತ ಹೊಯ್ದ ನೀರು

ಒಣ ಮಣ್ಣಿಗೆ ನೀರು ಬಿದ್ದಾಗ ಏಳುವ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಆ ವಾಸನೆ ಬಂದರೆ ಮೊದಲು ಕಾಲಲ್ಲಿ ಚಪ್ಪಲಿ ಇದೆಯಾ ಅಂತ ನೋಡಿಕೊಳ್ಳುತ್ತೇನೆ. ಆಮೇಲೆ ಜಯತ್ತೆ ನೆನಪಾಗುತ್ತಾಳೆ. ಅವಳ ಹಿಂದೆಯೇ ಸಾಲಗಾಮೆಯ ನಮ್ಮ ಹಳೆ ಮನೆಯ ನಡುಮನೆ, ಮೂಲೆಯಲ್ಲಿದ್ದ ದಪ್ಪ ಬೆನ್ನಿನ ಟಿವಿ, ಅದು ಕಾದಾಗ ಬರುತ್ತಿದ್ದ ಸುಟ್ಟ ಧೂಳಿನ ಘಮಲು, ಚಾಪೆಯ ಮೇಲಿನ ಕಡಲೆಕಾಯಿ ಸಿಪ್ಪೆ, ಎಲ್ಲ ಒಂದೊಂದಾಗಿ ಬಂದು ಕೂರುತ್ತವೆ. ನಿಮಗೂ ಅಂಥದೊಂದು ನಡುಮನೆ ಇದ್ದಿರಬೇಕು. ಈಗ ಇಲ್ಲದೆಯೂ ಇರಬೇಕು.

ಜಯತ್ತೆ ನಮ್ಮಪ್ಪನ ತಂಗಿ. ಹೊಳೆನರಸೀಪುರದ ಗಂಡನ ಮನೆಯಲ್ಲಿ ಬಾಳಲಾಗದೆ ತವರಿಗೆ ಬಂದವಳು. ಅಲ್ಲಿ ಟಿವಿ ಇದ್ದ ಕಡೆ ಸೊಸೆಯರು ಕೂರುವಂತಿರಲಿಲ್ಲವಂತೆ. ಅಡುಗೆಮನೆಯಲ್ಲಿ ನಿಂತು ಬರೀ ಮಾತು ಕೇಳಿಸಿಕೊಂಡೇ ಎಷ್ಟೋ ಸಿನಿಮಾಗಳ ಕಥೆಯನ್ನು ಅವಳು ಅರ್ಧಂಬರ್ಧ ಬಲ್ಲವಳಾಗಿದ್ದಳು. ಯಾರ ಮುಖ ಹೇಗಿತ್ತು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ನಮ್ಮ ಚಿಕ್ಕಪ್ಪ ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಿಂದ ಡೌನ್‌ಲೋಡ್ ಆದ ಸಿನಿಮಾಗಳನ್ನು ಪೆನ್‌ಡ್ರೈವಿಗೆ ತುಂಬಿಸಿಕೊಂಡು ಬರುತ್ತಿದ್ದ. ಡಿವಿಡಿ ಪ್ಲೇಯರಿಗೆ ಚುಚ್ಚಿದರೆ ಕೆಲವು ಫೈಲುಗಳಲ್ಲಿ ಮಾತು ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. "ಇಷ್ಟಕ್ಕೆ ನಾನು ಗಂಡನ್ ಮನೇಲೇ ಇರ್ಬೋದಿತ್ತು ಕಣ್ಲಾ" ಅಂತ ಜಯತ್ತೆ ನಕ್ಕಳು. ಆ ಮಾತು ಅವನಿಗೆ ಎಲ್ಲಿ ತಾಗಿತೋ, ಮಾರನೇ ದಿನವೇ ಗೋಡೆಗೆ ತೂತು ಕೊರೆದು, ತನ್ನ ಕೋಣೆಯ ಹಳೆ ಕಂಪ್ಯೂಟರಿನಿಂದ ನಡುಮನೆಯ ಟಿವಿಗೆ ಉದ್ದಕ್ಕೆ ವೈರು ಎಳೆದ. ಅಂದಿನಿಂದ ಚಿತ್ರವೂ ಬಂತು.

ಎಂಥ ಚಿತ್ರ ಅಂತೀರಿ! ಯಾರೋ ಥಿಯೇಟರಿನಲ್ಲಿ ಕೂತು ಕದ್ದು ತೆಗೆದದ್ದು. ಪರದೆ ಓರೆಯಾಗಿರುತ್ತಿತ್ತು, ಕೆಮ್ಮು ಕೇಳುತ್ತಿತ್ತು, ಎಲ್ಲೋ ಒಂದು ಮಗು ಅಳುತ್ತಿತ್ತು. ನಾವು ಅತಿ ಹೆಚ್ಚು ನೋಡಿದ ಫೈಲಿನಲ್ಲಿ ಒಬ್ಬ ಮನುಷ್ಯ ನಡುವೆ ಎದ್ದು, ಪರದೆಗೆ ಅಡ್ಡವಾಗಿ ನಿಂತು, ಪಂಚೆ ಸರಿಮಾಡಿಕೊಂಡು ಹೊರಗೆ ಹೋಗುತ್ತಿದ್ದ. ನಮಗೆ ಕಾಣುತ್ತಿದ್ದದ್ದು ಅವನ ಕಪ್ಪು ನೆರಳು ಮಾತ್ರ. ಆದರೆ ನಾಯಕನಿಗಿಂತ ಅವನೇ ನಮ್ಮ ಮನೆಯವನಾಗಿಬಿಟ್ಟಿದ್ದ. ಅಜ್ಜಿ ಎಲೆಯಡಿಕೆ ಅಗಿಯುತ್ತಾ, "ಈಗ ಎದ್ದ ನೋಡು ನಮ್ಮಪ್ಪ. ಇನ್ನು ಅಳೂ ಸೀನು ಬತ್ತದೆ, ಸೆರಗು ಇಟ್ಕಳ್ರವ್ವಾ" ಅನ್ನುತ್ತಿದ್ದಳು. ಥಿಯೇಟರಿನ ಆ ಅಪರಿಚಿತರು ನಕ್ಕ ಕಡೆ ನಾವೂ ನಗುತ್ತಿದ್ದೆವು.

ಬೇಸಗೆ ಬಂದರೆ ನಮ್ಮೂರ ಕರೆಂಟು ನೆಟ್ಟಗಿರುತ್ತಿರಲಿಲ್ಲ. ಮನೆಗೆ ಬಂದ ಕರೆಂಟು ಟ್ರಾನ್ಸ್‌ಫಾರ್ಮರಿಗೆ ಮರಳುವ ನ್ಯೂಟ್ರಲ್ ವೈರು ಕೈಕೊಡುತ್ತಿತ್ತು. ಆಗ ಊರಿನ ಎಷ್ಟೋ ಮನೆಗಳಲ್ಲಿ ಮಾಡುತ್ತಿದ್ದ ಉಪಾಯವನ್ನೇ ಚಿಕ್ಕಪ್ಪನೂ ಮಾಡಿದ್ದ. ಹಿತ್ತಿಲ ಬಚ್ಚಲಿನ ಪಕ್ಕ ಗುಂಡಿ ತೆಗೆದು, ಇದ್ದಿಲು ಉಪ್ಪು ತುಂಬಿ, ಕಬ್ಬಿಣದ ಪೈಪು ಹೂತಿದ್ದ. ಆ ಅರ್ತ್ ಪೈಪನ್ನೇ ನ್ಯೂಟ್ರಲ್ ಬದಲು ಕಟ್ಟಿಕೊಂಡು ಮನೆಯ ಕರೆಂಟು ಓಡಿಸುವುದು. ಗುಂಡಿ ಒಣಗಿದರೆ ಟಿವಿಯ ಚಿತ್ರ ಎರಡೂ ಕಡೆಯಿಂದ ಕುಗ್ಗಿ, ಎಲ್ಲರ ಮುಖ ಪಡವಲಕಾಯಿಯಾಗುತ್ತಿತ್ತು. ಆಗ ಜಯತ್ತೆ ಎದ್ದು ಹೋಗಿ ಗುಂಡಿಗೆ ನೀರು ಹೊಯ್ಯುತ್ತಿದ್ದಳು. ಹಿತ್ತಿಲ ಬಾಗಿಲಲ್ಲಿ ನಾನು. "ಅಗಲ ಆಯ್ತಾ ಮಗಾ?" ಅಂತ ಅವಳು ನನ್ನನ್ನು ಕೇಳುವಳು, ನಾನು ಒಳಗೆ ಕೇಳುವೆ. ಚಿಕ್ಕಪ್ಪ "ಇನ್ನೊಂದು ಚೊಂಬು" ಅಂದರೆ ಅದನ್ನೇ ಹೊರಗೆ ದಾಟಿಸುವೆ. ಗುಂಡಿಗೆ ನೀರು ಕುಡಿಸುವುದು ನಮಗೆ ದೀಪಕ್ಕೆ ಎಣ್ಣೆ ಹಾಕಿದಷ್ಟೇ ಸಹಜವಾಗಿತ್ತು. ಗುಂಡಿ ಒಣಗಿದಾಗಲೇ ಆ ಪೈಪಿನಲ್ಲಿ ಕರೆಂಟು ಹೆಚ್ಚು ನಿಲ್ಲುತ್ತದೆ ಅನ್ನುವುದು ನನಗೆ ತಿಳಿದದ್ದು ಹಾಸನದ ಕಾಲೇಜಿನಲ್ಲಿ, ಎಷ್ಟೋ ವರ್ಷಗಳ ಮೇಲೆ.

ಆ ಸಂಜೆಯೂ ಅದೇ ಫೈಲು. ನೆರಳು ಮನುಷ್ಯ ಏಳುವ ಹೊತ್ತಿಗೆ ಸರಿಯಾಗಿ ಚಿತ್ರ ಕುಗ್ಗಿತು. ಜಯತ್ತೆ ಗೊಣಗಿಕೊಂಡು ಬರಿಗಾಲಲ್ಲೇ ಹೋದಳು. ಮೊದಲ ಚೊಂಬು ಹೊಯ್ದಳು. ಮಣ್ಣಿನ ವಾಸನೆ ನನ್ನವರೆಗೂ ಬಂತು. ಎರಡನೆಯದಕ್ಕೆ ತಿರುಗುವಾಗ ಬಚ್ಚಲ ಪಾಚಿಯ ಮೇಲೆ ಕಾಲು ಜಾರಿ, ಬೀಳದಿರಲೆಂದು ಪೈಪು ಹಿಡಿದಳು. ಹಿಡಿದವಳು ಬಿಡಲಿಲ್ಲ. ಅವಳು ಕೂಗಲೂ ಇಲ್ಲ. ಬಾಯಿ ತೆರೆದಿತ್ತು, ಕಣ್ಣು ನನ್ನನ್ನೇ ನೋಡುತ್ತಿತ್ತು, ಚೊಂಬು ಮಾತ್ರ ಕಲ್ಲಿನ ಮೇಲೆ ಉರುಳುತ್ತಾ ಸದ್ದು ಮಾಡುತ್ತಿತ್ತು. ಒಳಗೆ, ಅಳುವ ಸೀನಿಗೆ ಮುಂಚಿನ ಯಾವುದೋ ಮಾತಿಗೆ ಥಿಯೇಟರಿನ ಜನ ನಗುತ್ತಿದ್ದರು. ನಾನು ಅವಳ ಕಡೆ ಓಡಿದೆ. ಅಜ್ಜಿ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದು, ಬಟ್ಟೆ ಹರವುವ ಒಣಗಿದ ಬಿದಿರಿನ ಗಳದಿಂದ ಮಗಳ ಕೈಗೆ ಬೀಸಿ ಹೊಡೆದಳು. ಮತ್ತೆ ಹೊಡೆದಳು. ಚಿಕ್ಕಪ್ಪ ಮೈನ್ ತೆಗೆದ. ಮನೆ ಕತ್ತಲಾಯಿತು, ನಗು ನಿಂತಿತು, ಜಯತ್ತೆ ಬಿದ್ದಳು. ಆಮೇಲೆ ಉಸಿರಾಡಿದಳು. ಆ ಉಸಿರಿನ ಸದ್ದಿಗೂ ಚೊಂಬಿನ ಸದ್ದಿಗೂ ನಡುವೆ ಇದ್ದ ಹೊತ್ತಿನಲ್ಲಿ ನಾನು ಇವತ್ತಿಗೂ ಆಗಾಗ ಹೋಗಿ ಸಿಕ್ಕಿಕೊಳ್ಳುತ್ತೇನೆ.

ಅವಳು ಹಾಸನದ ಆಸ್ಪತ್ರೆಯಲ್ಲಿ ಇರುವಾಗಲೇ ದೊಡ್ಡಪ್ಪ ಟಿವಿಗೆ ಗೋಣಿಚೀಲ ಹೊದಿಸಿದ್ದ, ಮಾರಲು ಆಳು ಗೊತ್ತುಮಾಡಿದ್ದ. ನೋಡಲು ಬಂದವರೂ ಪೈಪನ್ನು ಬೈಯಲಿಲ್ಲ, ಅವಳನ್ನೇ ಬೈದರು. ಗಂಡನ ಬಿಟ್ಟು ಬಂದವಳಿಗೆ ಸಿನಿಮಾ ಬೇಕಿತ್ತಾ, ಸಂಜೆ ದೀಪ ಹಚ್ಚಿ ಒಂದು ಮೂಲೆಯಲ್ಲಿ ಕೂತಿದ್ದರೆ ಆಗುತ್ತಿರಲಿಲ್ಲವಾ ಅಂತ. ಜಯತ್ತೆ ಅಂಗೈಗೆ ಪಟ್ಟಿ ಸುತ್ತಿಸಿಕೊಂಡು ಮನೆಗೆ ಬಂದಳು. ಎರಡು ಬೆರಳು ಮಡಿಸಲು ಬರುತ್ತಿರಲಿಲ್ಲ. ನೆಟ್ಟಗೆ ನಡುಮನೆಗೆ ಹೋಗಿ, ಒಳ್ಳೆಯ ಕೈಯಿಂದ ಗೋಣಿಚೀಲ ಎಳೆದು ಹಾಕಿದಳು.

"ಅಣ್ಣಾ, ಗುಂಡಿ ಮುಚ್ಸು. ಟಿವಿ ಯಾಕ್ ಮುಚ್ತೀಯ?"

ದೊಡ್ಡಪ್ಪ ತಲೆಯೆತ್ತದೆ, "ಸತ್ತೋಗಿದ್ರೆ?" ಅಂದ.

"ಸಾಯ್ಲಿಲ್ವಲ್ಲ. ಅಡುಗೆಮನೇಲಿ ನಿಂತ್ಕಂಡು ಕೇಳ್ಸ್ಕಳಾದು ಆಗ್ಲೇ ಆಯ್ತು ನಂಗೆ. ಇನ್ನು ನಾನು ಕುಂತೇ ನೋಡಾದು."

ದೊಡ್ಡಪ್ಪ ಎದ್ದು ಹೊರಗೆ ಹೋದ. ಲೈನ್‌ಮನ್ನನ್ನು ಕರೆತಂದು ನ್ಯೂಟ್ರಲ್ ಸರಿ ಮಾಡಿಸಿದವನೂ, ಪೈಪು ಕಿತ್ತು ಗುಂಡಿಗೆ ಮಣ್ಣು ಎಳೆದವನೂ ಅವನೇ. ಅಜ್ಜಿ ಅಲ್ಲಿ ಕರಿಬೇವು ನೆಟ್ಟಳು. ಉಪ್ಪು ತಿಂದ ಮಣ್ಣು, ಹತ್ತಲಿಲ್ಲ. ಕರೆಂಟು ನೆಟ್ಟಗಾದ ಸಂಜೆ ಚಿಕ್ಕಪ್ಪ ಫೈಲನ್ನು ಮೊದಲಿನಿಂದ ಹಾಕಲು ಹೋದರೆ ಜಯತ್ತೆ ಬಿಡಲಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಹಾಕು ಅಂದಳು.

ಆ ಮನೆ ಪಾಲಾಗಿ, ಕೆಡವಿ, ಈಗ ಅಲ್ಲಿ ಬೇರೆಯವರ ಗೋಡೌನಿದೆ. ಅಜ್ಜಿ ಹೋದಳು, ದೊಡ್ಡಪ್ಪ ಹೋದ. ಜಯತ್ತೆ ಹೋದದ್ದು ಹೋದ ಮಳೆಗಾಲದಲ್ಲಿ, ಜ್ವರ ಬಂದು, ಹಾಸಿಗೆಯಲ್ಲಿ. ಕರೆಂಟಿಗೆ ಅವಳು ಕೊನೆಗೂ ಸಿಕ್ಕಲಿಲ್ಲ. ಫೈಲು ನನ್ನ ಹತ್ತಿರವಿದೆ. ಗೋಡೆಯಗಲದ ನನ್ನ ಟಿವಿಯಲ್ಲಿ ಅದು ಇನ್ನೂ ಮಸುಕಾಗಿ ಕಾಣುತ್ತದೆ. ಇದರ ಒಳ್ಳೆಯ ಪ್ರಿಂಟು ಸಿಗುತ್ತದಲ್ಲ ಅಂತ ನನ್ನ ಗಂಡ ಹೇಳುತ್ತಾರೆ. ಸಿಗುತ್ತದೆ, ಅದರಲ್ಲಿ ಆ ಮನುಷ್ಯ ಏಳುವುದಿಲ್ಲ. ಅವನು ಎದ್ದು ಪಂಚೆ ಸರಿಮಾಡಿಕೊಳ್ಳುವ ಕಡೆ ಇವತ್ತಿಗೂ ನನ್ನ ಬೆರಳು ತಾನಾಗಿ ರಿಮೋಟಿಗೆ ಹೋಗುತ್ತದೆ. ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಥಿಯೇಟರಿನ ಜನ ನಗುತ್ತಾರೆ. ನಾನು ನಡುವೆ ಏಳದೆ, ಜಯತ್ತೆ ಕೂರುತ್ತಿದ್ದ ಹಾಗೆ ಕಾಲು ಚಾಚಿ ಕೂತು, ಮುಗಿಯುವ ತನಕ ನೋಡುತ್ತೇನೆ.