ಗೋಲ್ ಅಂಪೈರ್ ಕೊಟ್ಟ ಹೇಳಿಕೆ

ಆಸ್ಟ್ರೇಲಿಯದವರು ತಮ್ಮದೇ ರೀತಿಯಲ್ಲಿ ಆಡುವ ಒಂದು ಫುಟ್‌ಬಾಲ್ ಇದೆ. ಮೊಟ್ಟೆಯಾಕಾರದ ಚೆಂಡು, ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು, ಎದುರಿನವರನ್ನು ಕೆಡವಿ ಹಾಕಬಹುದು. ಅದರಲ್ಲಿ ಗೋಲ್ ಅಂಪೈರ್ ಎಂದರೆ ಬಿಳಿ ಕೋಟು ತೊಟ್ಟು ಗೋಲ್ ಕಂಬಗಳ ನಡುವೆ ನಿಲ್ಲುವ ಮನುಷ್ಯ. ಚೆಂಡು ಎತ್ತರದ ಕಂಬಗಳ ನಡುವೆ ಹೋದರೆ ಎರಡು ಬಾವುಟ ಬೀಸಬೇಕು, ಪಕ್ಕದ ಗಿಡ್ಡ ಕಂಬದ ಕಡೆ ಹೋದರೆ ಒಂದು. ಆಮೇಲೆ ಕಾರ್ಡಿನ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಬೇಕು. ಕುಂದಾಪುರದಲ್ಲಿ ಹುಟ್ಟಿ, ಶಾಲೆಯ ಖೋಖೋದಲ್ಲೂ ಕೊನೆಯ ಸಾಲಿನಲ್ಲಿ ಕೂತವಳು ನಾನು. ಅಂಥವಳು ಲಂಡನ್ನಿನ ಪಶ್ಚಿಮದ ಒಂದು ಪಾರ್ಕಿನಲ್ಲಿ ಈ ಕೆಲಸ ಮಾಡುತ್ತ ಮೂರು ಬೇಸಿಗೆ ಕಳೆದೆ.

ಕರೆದುಕೊಂಡು ಹೋದವಳು ಅಕ್ಸ್‌ಬ್ರಿಡ್ಜಿನ ನಮ್ಮ ಆಫೀಸಿನಲ್ಲಿ ಎದುರು ಡೆಸ್ಕಿನ ಆಸ್ಟ್ರೇಲಿಯದ ಹೆಂಗಸು. ಆ ಪಾರ್ಕಿನಲ್ಲಿ ಆಡುವ ಹೆಂಗಸರ ತಂಡಕ್ಕೆ ಅವಳು ಕ್ಯಾಪ್ಟನ್. ಒಂದೊಂದು ತಂಡವೂ ಒಬ್ಬೊಬ್ಬ ಗೋಲ್ ಅಂಪೈರನ್ನು ತಾನೇ ಹೊಂದಿಸಿಕೊಳ್ಳಬೇಕು ಎನ್ನುವುದು ಅವರ ಪದ್ಧತಿ, ಆ ವಾರ ಅವಳಿಗೆ ಯಾರೂ ಸಿಕ್ಕಿರಲಿಲ್ಲ. ಕೋಟನ್ನು ಮನೆಗೆ ತಂದು ಹಾಕಿಕೊಂಡು ನೋಡುತ್ತಿದ್ದಾಗ ಗಂಡ ಬಾಗಿಲಲ್ಲಿ ನಿಂತು ಕೇಳಿದರು, “ಎಂತ ಮರಾಯ್ತಿ, ಡಾಕ್ಟ್ರ ಕೆಲ್ಸ ಸಿಕ್ತಾ ನಿಂಗೆ?”

ಅವರಿಗೆ ರೇನರ್ಸ್ ಲೇನಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಶನಿವಾರ ಅಂದರೆ ಅವರಿಗೆ ಪುರುಸೊತ್ತಿಲ್ಲದ ದಿನ, ನನಗೆ ಮನೆಯಲ್ಲಿ ಒಬ್ಬಳೇ ಕೂತು ಬೇಸರದ ದಿನ. ಹಾಗಾಗಿ ಒಂದು ಶನಿವಾರಕ್ಕೆಂದು ಹೋದವಳು ಅಲ್ಲೇ ಉಳಿದುಬಿಟ್ಟೆ.

ಮೊದಲ ದಿನ ಆ ಹೆಂಗಸರ ಬಾಯಿ ಕೇಳಿ ನನ್ನ ಕಿವಿ ಬಿಸಿಯಾಗಿತ್ತು. ಒಬ್ಬಳ ದಪ್ಪ ತೊಡೆ, ಇನ್ನೊಬ್ಬಳ ಬಿಟ್ಟುಹೋದ ಗಂಡ, ಮತ್ತೊಬ್ಬಳ ತಾಯಿ, ಯಾವುದನ್ನೂ ಬಿಡುತ್ತಿರಲಿಲ್ಲ. ಎದುರಾಳಿಯ ತಲೆ ಕೆಡಿಸಿ ಚೆಂಡು ಜಾರುವಂತೆ ಮಾಡುವುದೂ ಆಟದ ಒಂದು ಭಾಗವೇ ಎಂದು ಕ್ಯಾಪ್ಟನ್ ವಿವರಿಸಿದಳು. ಮೊಣಕೈಯಿಂದ ತಿವಿದವಳೂ ತಿವಿಸಿಕೊಂಡವಳೂ ಸಂಜೆ ಒಂದೇ ಬೆಂಚಿನಲ್ಲಿ ಬಿಯರ್ ಕುಡಿಯುತ್ತಿದ್ದರು. ಗ್ರೌಂಡಿನಲ್ಲಿ ಆಡಿದ್ದು ಗ್ರೌಂಡಿನಲ್ಲೇ ಉಳಿಯಬೇಕು, ಅದನ್ನು ಹೊರಗೆ ತರುವವಳು ಸಣ್ಣ ಮನಸ್ಸಿನವಳು. ಈ ನಿಯಮ ನನಗೆ ಬೇಗ ರೂಢಿಯಾಯಿತು, ಗೊತ್ತಾಯಿತಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ನನಗೆ ಅವರು ‘ತಂದೂರಿ’ ಎಂದು ಹೆಸರಿಟ್ಟರು. ನಮ್ಮ ಕಡೆ ತಂದೂರಿ ಒಲೆಯನ್ನು ಕಂಡವರು ಯಾರು? ಆದರೂ ಕರೆದಾಗಲೆಲ್ಲ ಹಲ್ಲು ಕಿರಿದು ತಿರುಗುತ್ತಿದ್ದೆ.

ಆ ಹೆಸರಿನಿಂದ ಕರೆಯದೇ ಇದ್ದವಳು ಒಬ್ಬಳೇ. ನಮ್ಮ ತಂಡಕ್ಕೆ ಗೋಲ್ ಹೊಡೆಯುವವಳು, ಅಂದರೆ ಆಟವಿಡೀ ಗೋಲ್ ಕಂಬದ ಹತ್ತಿರವೇ, ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಇರುವವಳು. ಆಸ್ಟ್ರೇಲಿಯದ ಮೂಲನಿವಾಸಿಗಳ ಪೈಕಿ, ಪಶ್ಚಿಮದ ಒಂದು ಸಣ್ಣ ಊರಿನವಳು. ಬಿಳಿಯರು ಅಲ್ಲಿಗೆ ಹಡಗು ಹತ್ತಿ ಬರುವುದಕ್ಕೆ ಎಷ್ಟೋ ಕಾಲ ಮೊದಲಿನಿಂದ ಇದ್ದ ಜನ. ಹ್ಯಾರೋದ ಶಾಲೆಗಳಲ್ಲಿ ರಜೆ ಹಾಕಿದ ಟೀಚರುಗಳ ಬದಲಿಗೆ ಪಾಠ ಮಾಡುತ್ತ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಫ್ಲ್ಯಾಟಿನಲ್ಲಿ ಇದ್ದಳು. ಚೆಂಡು ಆಚೆ ತುದಿಯಲ್ಲಿದ್ದಾಗ ನಾವಿಬ್ಬರೂ ಮಾತಾಡುತ್ತಿದ್ದೆವು. ಹಾಗೆ ಗೆಳೆತನವಾಯಿತು. ಭಾನುವಾರ ಬೆಳಿಗ್ಗೆ ನೀರುದೋಸೆ, ಕೋಳಿ ಸಾರು ತಿನ್ನಲು ಬರುವಳು. ಹೋಟೆಲಿಗೆ ಹೊರಡುವ ಮುಂಚೆ ನನ್ನ ಗಂಡ ಅವಳಿಗೆಂದೇ ಖಾರ ಹೆಚ್ಚು ಹಾಕಿ ಮಾಡಿಡುತ್ತಿದ್ದರು.

“ಆ ಹೆಸರು ನಿನಗೆ ಇಷ್ಟನಾ?” ಎಂದು ಒಮ್ಮೆ ಕೇಳಿದಳು.

“ಅಯ್ಯೋ, ತಮಾಷೆಗೆ ಕರೀತಾರೆ. ಹೋಗ್ಲಿ ಬಿಡು,” ಎಂದೆ.

ಅವಳು ಮತ್ತೆ ಅದರ ಬಗ್ಗೆ ಮಾತಾಡಲಿಲ್ಲ. ಬದಲಿಗೆ ತನ್ನ ತಂದೆಯ ಕಥೆ ಹೇಳಿದಳು. ಅವರೂ ಈ ಆಟದವರೇ. ಊರಿನ ತಂಡಕ್ಕೆ ಅವರಷ್ಟು ಗೋಲ್ ಹೊಡೆದವರಿಲ್ಲವಂತೆ. ಶನಿವಾರ ಮಧ್ಯಾಹ್ನ ಊರೆಲ್ಲ ಅವರನ್ನು ಹೆಗಲ ಮೇಲೆ ಹೊರುತ್ತಿತ್ತು. ಸಂಜೆ ಮಾತ್ರ ಪಬ್ಬಿನೊಳಗೆ ಅವರಿಗೆ ಪ್ರವೇಶವಿಲ್ಲ. ತಂಡದವರು ಒಳಗೆ ಕೂತು, ಹಿಂದಿನ ಕಿಟಕಿಯಿಂದ ಒಂದು ಗ್ಲಾಸು ಹೊರಗೆ ಚಾಚುತ್ತಿದ್ದರು. ಬೇಲಿಯಾಚೆಯಿಂದ ಪ್ರೇಕ್ಷಕರು, ಪಕ್ಕದಿಂದ ಎದುರಾಳಿಗಳು ಅವರ ಬಣ್ಣ ಹಿಡಿದು ಕರೆಯುತ್ತಿದ್ದುದಕ್ಕೆ ಕೋಚ್ ಹೇಳುತ್ತಿದ್ದುದು ಒಂದೇ ಮಾತು, ತಲೆ ತಗ್ಗಿಸಿ ಇನ್ನೊಂದು ಗೋಲ್ ಹೊಡಿ. ಅವರು ಹೊಡೆದರು. ಹದಿನೈದು ವರ್ಷ ಹೊಡೆದರು. ಮಗಳು ಚೆಂಡು ಹಿಡಿದಾಗ ಮಾತ್ರ ಬೇಡ ಅಂದಿದ್ದರಂತೆ. ಇವಳು ಕೇಳಲಿಲ್ಲ. ಕೊನೆಗೆ ಅವರೇ ಹಿತ್ತಲಲ್ಲಿ ಒದೆಯುವುದನ್ನು ಕಲಿಸಿದರು. ಈಗ ಪ್ರತಿ ಭಾನುವಾರ ಅವರಿಗೆ ಫೋನ್ ಮಾಡಿ ಎಷ್ಟು ಗೋಲ್ ಎಂದು ಒಪ್ಪಿಸಬೇಕು, ಇಲ್ಲದಿದ್ದರೆ ಮುದುಕನಿಗೆ ಊಟ ಸೇರುವುದಿಲ್ಲ ಎಂದು ನಗುತ್ತಿದ್ದಳು.

ಆಗ ಆಸ್ಟ್ರೇಲಿಯದಲ್ಲೂ ಇದರದ್ದೇ ಗಲಾಟೆ ನಡೆದಿತ್ತು. ಕರಿಯ ಆಟಗಾರರನ್ನು ಪ್ರೇಕ್ಷಕರು ಕೂಗಿ ಹಂಗಿಸುವುದು, ಅದು ಜನಾಂಗದ ದ್ವೇಷವೋ ಬರೀ ಆಟದ ಉತ್ಸಾಹವೋ ಎಂದು ಪೇಪರಿನಲ್ಲಿ ಚರ್ಚೆ. ನಮ್ಮ ತಂಡದವರು ಬೆಂಚಿನಲ್ಲಿ ಕೂತು ಇದನ್ನೇ ಚರ್ಚಿಸುವಾಗ ಅವಳು ಎದ್ದುಹೋಗಿ ಬೂಟಿನ ಮಣ್ಣು ಕೆರೆಯುತ್ತಿದ್ದಳು.

ಮೂರನೆಯ ಬೇಸಿಗೆಯ ಆಗಸ್ಟ್. ಫೈನಲ್ಲಿಗೆ ಎರಡು ವಾರ ಇತ್ತು. ಅವಳು ನೆಗೆದು ಚೆಂಡು ಹಿಡಿದು ಬೆನ್ನಡಿಯಾಗಿ ಬಿದ್ದಳು. ಅವಳನ್ನು ತಡೆಯಬೇಕಾಗಿದ್ದ ಎದುರು ತಂಡದ ಹುಡುಗಿ ಆಸ್ಟ್ರೇಲಿಯದವಳೇ, ಇಪ್ಪತ್ತೈದೂ ಇರಲಾರದು. ಬಿದ್ದವಳ ಕೈಮೇಲೆ ಮೊಣಕಾಲೂರಿ, ಬಗ್ಗಿ, ಎರಡು ಪದ ಹೇಳಿದಳು. ಒಂದು ಬಣ್ಣದ್ದು, ಇನ್ನೊಂದು ಪ್ರಾಣಿಯದು. ನನಗೂ ಅವರಿಗೂ ಮಧ್ಯೆ ಆರೇಳು ಅಡಿ ಇದ್ದಿರಬಹುದು. ಹೀಥ್ರೋಗೆ ಇಳಿಯುವ ವಿಮಾನ ಆಗ ತಲೆಮೇಲೆ ಇತ್ತು ನಿಜ. ಅಲ್ಲಿ ಎರಡು ನಿಮಿಷಕ್ಕೊಂದು ಇರುತ್ತದೆ. ಆದರೂ ಆ ಪದಗಳು ಸ್ಪಷ್ಟವಾಗಿ ಕೇಳಿಸಿದವು.

ನನ್ನ ಗೆಳತಿ ಆ ಹುಡುಗಿಯ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಆಮೇಲೆ ಎದ್ದು, ಚೆಂಡು ಒರೆಸಿಕೊಂಡು, ಒದ್ದಳು. ಗೋಲ್ ಆಯಿತು. ನಾನು ಎರಡು ಬಾವುಟ ಬೀಸಿದೆ.

ಮನೆಗೆ ಬರುವ ಬಸ್ಸಿನಲ್ಲಿ ಕೇಳಿದಳು, “ಕೇಳಿಸ್ತು ಅಲ್ವಾ?” ನಾನು ಹೌದೆಂದು ತಲೆಯಾಡಿಸಿದೆ. “ಈ ಸಲ ನಾನು ಬಿಡಲ್ಲ,” ಎಂದಳು.

ಮರುದಿನ ಬೆಳಿಗ್ಗೆ ನಮ್ಮ ಅಡುಗೆಮನೆಯ ಮೇಜಿನಿಂದಲೇ ತಂದೆಗೆ ಫೋನ್ ಮಾಡಿದಳು. ದೂರು ಕೊಡುತ್ತೇನೆ ಎಂದಳು. ಬೇಡ ಮಗಳೇ, ಯಾರೂ ನಿನ್ನ ಪರ ನಿಲ್ಲಲ್ಲ, ಕೊನೆಗೆ ನೀನೇ ಕೆಟ್ಟವಳಾಗ್ತೀಯ ಎಂದರು. “ಈ ಸಲ ಸಾಕ್ಷಿ ಇದ್ದಾಳೆ ಅಪ್ಪ,” ಎಂದು ಹೇಳಿ ಫೋನನ್ನು ನನ್ನ ಕಡೆ ತಿರುಗಿಸಿದಳು. ಪರದೆಯಲ್ಲಿ ಬಿಳಿ ಗಡ್ಡದ ಸಣಕಲು ಮನುಷ್ಯ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ನನ್ನ ಕಾಲದಲ್ಲಿ ಕೇಳಿಸಿಕೊಂಡೋರು ಬೇಕಾದಷ್ಟು ಜನ ಇದ್ರಮ್ಮ, ಹೇಳೋರು ಒಬ್ಬರೂ ಇರಲಿಲ್ಲ. ಅವಳ ಜೊತೆ ನೀನಿದ್ದೀಯಲ್ಲ, ಸಾಕು,” ಎಂದರು. ನಾನು ಇದ್ದೇನೆ ಎಂದೆ. ಮನಸ್ಸಿಟ್ಟೇ ಹೇಳಿದ್ದೆ.

ಸೋಮವಾರ ಆಫೀಸಿನಲ್ಲಿ ಕ್ಯಾಪ್ಟನ್ ನನ್ನನ್ನು ಕಾಫಿಗೆ ಕರೆದಳು. ದೂರು ಬಂದಿದೆ, ಗೋಲ್ ಅಂಪೈರಿನ ಹೇಳಿಕೆ ಬರೆದು ಕೊಡಬೇಕು ಎಂದಳು. ಆ ಹುಡುಗಿ ಎರಡು ದಿನದಿಂದ ಅಳುತ್ತಿದ್ದಾಳಂತೆ. ನರ್ಸರಿಯಲ್ಲಿ ಕೆಲಸ, ಇದು ಬರವಣಿಗೆಯಲ್ಲಿ ಬಂದರೆ ಕೆಲಸ ಹೋಗುತ್ತದೆ. ಫೈನಲ್ ನಡೆಯುವುದೂ ಅನುಮಾನ.

“ನಿನಗೆ ಸುಳ್ಳು ಹೇಳು ಅಂತಿಲ್ಲ. ವಿಮಾನ ಹೋಗ್ತಾ ಇತ್ತಲ್ವಾ?”

“ಇತ್ತು.”

“ಹಾಗಾದ್ರೆ ನೂರಕ್ಕೆ ನೂರು ಕೇಳಿಸ್ತು ಅಂತ ಹೇಳೋಕೆ ಆಗುತ್ತಾ? ಅವರಿಬ್ಬರನ್ನೂ ಕೂರಿಸಿ ಕೈ ಕುಲುಕಿಸಿ ಮುಗಿಸೋಣ.”

ನನಗೆ ಹೆದರಿಕೆಯಾಗಿತ್ತು ಎಂದು ಇವತ್ತು ಒಪ್ಪುವುದು ಸುಲಭ. ಆದರೆ ಆಗ ನನಗೆ ಹೆದರಿಕೆ ಅನ್ನಿಸಲಿಲ್ಲ. ನಾನು ದೊಡ್ಡ ಮನಸ್ಸಿನ ಕೆಲಸ ಮಾಡುತ್ತಿದ್ದೇನೆ ಅನ್ನಿಸಿತು. ನಮ್ಮಲ್ಲಿ ಯಾವ ಜಗಳವಾದರೂ ಹಿರಿಯರು ಬಂದು, ಯಾರು ಏನು ಅಂದರು ಎಂದು ಕೆದಕದೆ, ಇಬ್ಬರಿಗೂ ಚಹಾ ಕುಡಿಸಿ ಎಬ್ಬಿಸುತ್ತಾರೆ. ಅದನ್ನೇ ಸಮಾಧಾನ ಮಾಡುವುದು ಎನ್ನುತ್ತೇವೆ. ಒಂದು ಹುಡುಗಿಯ ಅನ್ನ ಕಿತ್ತುಕೊಳ್ಳಬಾರದು, ಗೆಳತಿಗೂ ಅಪರಿಚಿತರ ಮುಂದೆ ಆ ಪದಗಳನ್ನು ಬಾಯಿಬಿಟ್ಟು ಹೇಳುವುದು ತಪ್ಪುತ್ತದೆ ಎಂದುಕೊಂಡೆ. ‘ಮಾತಿನ ಚಕಮಕಿ ನಡೆಯಿತು. ವಿಮಾನದ ಸದ್ದಿನಿಂದಾಗಿ ಪದಗಳು ಸ್ಪಷ್ಟವಾಗಿ ಕೇಳಿಸಲಿಲ್ಲ’ ಎಂದು ಬರೆದು, ಸಹಿ ಹಾಕಿ ಕಳಿಸಿದೆ. ಗೆಳತಿಗೆ ಮೊದಲೇ ಹೇಳಬೇಕೆಂದು ದಿನಾ ಅಂದುಕೊಂಡೆ. ಹೇಳಲಿಲ್ಲ.

ಗಂಡನಿಗೆ ಹೇಳಿದೆ. ಅವರು ಊಟದ ತಟ್ಟೆ ಬದಿಗಿಟ್ಟರು.

“ನಿಂಗೆ ಕೇಂಡಿತ್ ಅಲ್ದಾ?”

“ಹೌದ್.”

“ಹಂಗಾರೆ ಹೇಳುಕೆ ಎಂತ ಆಯ್ತ್?”

ನನಗೆ ಸಿಟ್ಟು ಬಂತು. “ನಿಮ್ ಹೋಟ್ಲಿಗೆ ತರಕಾರಿ ತಕಂಡ್ ಬಪ್ಪ ಆಫ್ರಿಕದವ್ರನ್ನ ಎಲ್ಲರೂ ಎಂತ ಅಂದ್ ಕರಿತ್ರ್? ಒಂದಿನ ಬೇಡ ಅಂದಿದ್ರ್ಯಾ ನೀವ್?” ಅವರು ತಟ್ಟೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಗೆದ್ದೆ ಅಂದುಕೊಂಡು ನಾನು ಪಾತ್ರೆ ತೊಳೆಯಲು ಹೋದೆ. ಹಾಗೆ ನೋಡಿದರೆ ನಾನೇನು ಕಡಿಮೆ? ನಮ್ಮವರ ಕೂಟಗಳಲ್ಲಿ, ಮಗುವಿನ ಬಣ್ಣ ನೋಡಿ ಮೂಗು ಮುರಿಯುವವರ ನಡುವೆ, ಬೀದಿಯಾಚೆಯ ಕರಿಯರ ಮನೆಯ ಬಗ್ಗೆ ಕನ್ನಡದಲ್ಲಿ ಆಡುವ ಮಾತಿಗೆ ನಾನೂ ನಕ್ಕಿದ್ದೇನೆ. ಅವರಿಗೆ ಅರ್ಥವಾಗುವುದಿಲ್ಲವಲ್ಲ ಎನ್ನುವ ಧೈರ್ಯ.

ಮುಂದಿನ ಭಾನುವಾರ ಬೆಳಿಗ್ಗೆ, ಆಟದ ಬಯಲಿನ ಪಕ್ಕದ ಕ್ರಿಕೆಟ್ ಕ್ಲಬ್ಬಿನ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಲೀಗಿನ ಕಡೆಯಿಂದ ಒಬ್ಬ ವಯಸ್ಸಾದ ಗಂಡಸು ಅಧ್ಯಕ್ಷ. ಅವರು ಮೊದಲು ಆ ಹುಡುಗಿಯನ್ನು, ನೀನು ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಅವಳ ಕಣ್ಣು ಊದಿಕೊಂಡಿತ್ತು. ನೆಲ ನೋಡುತ್ತ, “ನಾನು...” ಎಂದು ಶುರುಮಾಡಿದಳು. ಒಪ್ಪಿಕೊಳ್ಳಲೆಂದೇ ಬಂದಿದ್ದಳು. ಈಗಲೂ ನನಗೆ ಅದರಲ್ಲಿ ಸಂಶಯವಿಲ್ಲ. ಪಕ್ಕದಲ್ಲಿದ್ದ ಅವಳ ತಂಡದವಳು ತೋಳು ಮುಟ್ಟಿ, ಮೊದಲು ಅಂಪೈರಿನ ಹೇಳಿಕೆ ಓದಲಿ ಎಂದಳು.

ಓದಿದರು. ಎರಡೇ ಸಾಲು, ಎಷ್ಟು ಹೊತ್ತು? ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು, ಅವಳಿಗೂ ನಂಬಲಾಗಲಿಲ್ಲ. ಆಮೇಲೆ, “ಅಂಥದ್ದೇನೂ ನಾನು ಹೇಳಿಲ್ಲ,” ಎಂದಳು.

ಅಧ್ಯಕ್ಷರು ನನ್ನ ಗೆಳತಿಯ ಕಡೆ ತಿರುಗಿದರು. ಈ ಹೇಳಿಕೆ ಸುಳ್ಳು ಎಂದು ನೀನು ಹೇಳುತ್ತೀಯಾ ಎಂದು ಕೇಳಿದರು. ಹೌದು ಅಂದಿದ್ದರೆ ಸಾಕಿತ್ತು. ನನ್ನನ್ನು ಎಬ್ಬಿಸಿ ನಿಲ್ಲಿಸಿ ಕೇಳುತ್ತಿದ್ದರು, ಎಲ್ಲರೆದುರು ನಾನು ಸುಳ್ಳಿ ಎಂದಾಗುತ್ತಿತ್ತು. ಅವಳು ನನ್ನನ್ನು ನೋಡಿದಳು. ಬಿದ್ದಲ್ಲಿಂದ ನೋಡಿದ್ದಳಲ್ಲ, ಹಾಗೆಯೇ.

“ಇಲ್ಲ,” ಎಂದಳು. “ಅವಳು ಕೇಳಿಸಲಿಲ್ಲ ಅಂದ್ರೆ ಕೇಳಿಸಿಲ್ಲ.”

ಅವಳಿಗೂ ಆ ಹುಡುಗಿಗೂ ಕೈ ಕುಲುಕಿಸಿದರು. ಯಾರೋ ಬಿಸ್ಕತ್ತಿನ ಡಬ್ಬಿ ತೆರೆದರು.

ಅವಳು ಮತ್ತೆ ಆಡಲಿಲ್ಲ. ಫೈನಲ್ಲಿನ ದಿನ ಅವಳ ಜಾಗದಲ್ಲಿ ಬೇರೆ ಯಾರೋ ಇದ್ದರು, ನಾನು ನನ್ನ ಜಾಗದಲ್ಲೇ ಇದ್ದೆ. ನಾವು ಗೆದ್ದೆವು, ಫೋಟೋದಲ್ಲಿ ನಾನೂ ಇದ್ದೇನೆ. ಕ್ರಿಸ್‌ಮಸ್ಸಿಗೆ ಮೊದಲೇ ಅವಳು ಫ್ಲ್ಯಾಟ್ ಬಿಟ್ಟು ಊರಿಗೆ ಹೋದಳೆಂದು ಕ್ಯಾಪ್ಟನ್ ಹೇಳಿದಳು. ನಾನು ಎರಡು ಸಲ ದೊಡ್ಡ ಮೆಸೇಜು ಬರೆದೆ, ಎರಡು ಸಲವೂ ಅಳಿಸಿದೆ. ಅದರಲ್ಲಿ ಏನೇನೋ ಕಾರಣಗಳಿದ್ದವು.

ಆ ಭಾನುವಾರದ ಕೊನೆಯಲ್ಲಿ ಆದದ್ದನ್ನು ಗಂಡನಿಗೂ ನಾನು ಹೇಳಿಲ್ಲ. ಸಭೆ ಮುಗಿದ ಮೇಲೆ ಅವಳ ಹಿಂದೆಯೇ ಓಡಿದೆ. ಗೇಟಿನ ಹತ್ತಿರ ಸಿಕ್ಕಳು. ಏನು ಹೇಳಬೇಕೆಂದು ತಿಳಿಯದೆ, ಮನೆಗೆ ಬಾ, ದೋಸೆ ಹಿಟ್ಟು ಇದೆ ಎಂದೆ. ಅವಳು ಗಡಿಯಾರ ನೋಡಿಕೊಂಡು, “ಇಲ್ಲ. ಅಪ್ಪ ಕಾಯ್ತಾ ಇರ್ತಾರೆ,” ಎಂದಳು. ಅಲ್ಲೇ ಫೋನ್ ಮಾಡಿದಳು. ಮೊದಲ ರಿಂಗಿಗೇ ಅವರು ಎತ್ತಿದರು. ನನಗೆ ಅಲ್ಲಿಂದ ಹೋಗಿಬಿಡಬೇಕು ಅನ್ನಿಸಿತು, ಆದರೂ ಗೇಟಿನ ಪಕ್ಕದಲ್ಲೇ ನಿಂತೆ.

ಆ ಕಡೆಯ ಮಾತು ನನಗೆ ತಿಳಿಯಲಿಲ್ಲ. ಅವಳು ಮಾತ್ರ ತುಸು ಬೆನ್ನು ತಿರುಗಿಸಿ, ಮಕ್ಕಳಿಗೆ ಪಾಠ ಹೇಳುವಂಥ ಸಮಾಧಾನದ ದನಿಯಲ್ಲಿ ಹೇಳಿದಳು, “ಇಲ್ಲಪ್ಪ, ಹಾಗಲ್ಲ. ಅವಳು ಬಂದಿದ್ದಳು, ನನ್ನ ಪರವಾಗಿ ನಿಂತಳು. ಅವರೇ ಅವಳ ಮಾತು ನಂಬಲಿಲ್ಲ.”